ಮೂಲೆ ಜಾಗದ ಮಣ್ಣು: ಬಯೋಚಾರ್ ಹಾಕೋಣವೇ?

ಮನೆ 22, ಎರಡನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಪಾರ್ಕಿಗೆ ಅಂತ ಬಿಟ್ಟಿದ್ದ ಮೂಲೆ ಜಾಗದಿಂದ ಗುಜರಿ ಶೆಡ್ ಕೊನೆಗೂ ಎತ್ತಿದರು. ಆದರೆ ಶೆಡ್ ಇದ್ದಲ್ಲಿ ಒಂದು ಕಡ್ಡಿ ಹುಲ್ಲೂ ಹುಟ್ಟಿಲ್ಲ. ಕೋಲಿನಿಂದ ಕೆದರಿದರೆ ಕರಿ ಪ್ಲಾಸ್ಟಿಕ್ ಚೂರು, ಬೂದು ಬಣ್ಣದ ಪುಡಿ ಬರುತ್ತದೆ. ಅಲ್ಲಿ ಹಳೆ ಬ್ಯಾಟರಿ ಒಡೆಯುತ್ತಿದ್ದರು ಅನ್ನೋದು ನಮಗೆಲ್ಲ ಗೊತ್ತೇ ಇದೆ. ನಮ್ಮ ಮಗ ಒಂದು ವಿಡಿಯೊ ತೋರಿಸಿದ. ಒಣ ಕಸ ಸುಟ್ಟು ಬಯೋಚಾರ್ ಅನ್ನೋ ಇದ್ದಿಲು ಮಾಡಿ ಬೆರೆಸಿದರೆ ವಿಷದ ಮಣ್ಣು ಸ್ವಚ್ಛ ಆಗುತ್ತದಂತೆ. ಮಳೆಗಾಲದೊಳಗೆ ಮಾಡೋಣವೇ?

ಮನೆ 7:
ಭಾರಿ ಐಡಿಯಾ ರೀ. ನಮ್ಮ ರಸ್ತೆಯ ಎಲೆ ಕಸಕ್ಕೂ ಒಂದು ದಾರಿ ಆಯಿತು. ಈ ಭಾನುವಾರವೇ ಬೆಂಕಿ ಹಚ್ಚೋಣ.

ಮನೆ 31, ಮಹಡಿ:
ಬೆಂಕಿ ಅಂದ್ರೆ ನಾ ಒಲ್ಲೆ. ನಮ್ಮ ಅತ್ತೆಯವರಿಗೆ ಉಬ್ಬಸ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ 2016ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿದೆ. ಅದೂ ನೆನಪಿರಲಿ.

ಮನೆ 15, ಮೂರನೇ ಕ್ರಾಸ್:
ಸ್ವಲ್ಪ ತಡೀರಿ. ನಾನು ಮಣ್ಣು ಪರೀಕ್ಷೆಯಲ್ಲೇ ನೌಕರಿ ಮುಗಿಸಿದವನು, ಅದಕ್ಕೆ ಬರೆಯುತ್ತಿದ್ದೇನೆ. ಬಯೋಚಾರ್ ಒಳ್ಳೆಯದೇ. ಆದರೆ ಅದು ಬ್ಯಾಟರಿಯಿಂದ ಮಣ್ಣಿಗಿಳಿದ ಸೀಸವನ್ನು ತೆಗೆಯುವುದಿಲ್ಲ. ಸೀಸ ಕೊಳೆಯುವ ವಸ್ತು ಅಲ್ಲ, ಎಷ್ಟು ವರ್ಷ ಬಿಟ್ಟರೂ ಸೀಸವೇ. ಒಣ ಕಟ್ಟಿಗೆ, ಕರಟ, ಹೊಟ್ಟು ಇಂಥವನ್ನು ಗಾಳಿ ಸಾಲದಂತೆ 350ರಿಂದ 700 ಡಿಗ್ರಿ ಶಾಖದಲ್ಲಿ ಕಾಯಿಸಿದರೆ ಬೂದಿ ಆಗದೆ ಇದ್ದಿಲು ಉಳಿಯುತ್ತದೆ. ಅದರ ತುಂಬಾ ಕಣ್ಣಿಗೆ ಕಾಣದ ತೂತು. ಸೀಸ, ಕ್ಯಾಡ್ಮಿಯಂ ಇಂಥ ವಿಷದ ಲೋಹಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಇದ್ದಿಲಿನ ಕ್ಷಾರಕ್ಕೆ ಸೀಸ ನೀರಲ್ಲಿ ಸುಲಭವಾಗಿ ಕರಗುವುದಿಲ್ಲ, ಬೇರಿಗೂ ಕಡಿಮೆ ಸಿಗುತ್ತದೆ. ಅಷ್ಟೇ ಅದರ ಕೆಲಸ. ಮಣ್ಣಲ್ಲಿರುವ ಒಟ್ಟು ಸೀಸ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ಮಗು ಆ ಮಣ್ಣಿನ ಕೈ ಬಾಯಿಗಿಟ್ಟರೆ ಅಪಾಯ ತಪ್ಪಿದ್ದಲ್ಲ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನೊಂದು ಮಾತು. ನಮ್ಮದು ಎರಿ ಮಣ್ಣು, ಮೊದಲೇ ಕ್ಷಾರದ್ದು. ಹುಳಿ ಮಣ್ಣಲ್ಲಿ ಬಯೋಚಾರ್ ತೋರಿಸುವ ಗುಣ ಇಲ್ಲಿ ಅಷ್ಟು ಕಾಣಲಿಕ್ಕಿಲ್ಲ. ಶೆಡ್ ಕೆಳಗೆ ಮಾತ್ರ ಆಸಿಡ್ ಚೆಲ್ಲಿ ಹುಳಿ ಆಗಿರಬಹುದು, ಅಳೆದೇ ನೋಡಬೇಕು. ಹಳೆ ಬ್ಯಾಟರಿಯ ಸೀಸದಲ್ಲಿ ಆರ್ಸೆನಿಕ್ ಅನ್ನುವ ಇನ್ನೊಂದು ವಿಷ ಬೆರೆಸುವುದೂ ಉಂಟು. ಮಣ್ಣಿನ ಕ್ಷಾರ ಏರಿದರೆ ಆರ್ಸೆನಿಕ್ ಸಡಿಲ ಆಗಿ ನೀರಿಗೆ ಇಳಿಯಬಹುದು. ಸೀಸಕ್ಕೆ ಮದ್ದು ಮಾಡಲು ಹೋಗಿ ಆರ್ಸೆನಿಕ್ ಬಿಚ್ಚಿಟ್ಟ ಹಾಗೆ ಆಗುತ್ತದೆ. ಮೊದಲು ಪರೀಕ್ಷೆ.

ಮನೆ 7:
ರೈತರು ಮಾಡಿಸುತ್ತಾರಲ್ಲ ಮಣ್ಣು ಪರೀಕ್ಷೆ, ಅದೇ ಸಾಕಲ್ವಾ ಸರ್?

ಮನೆ 15:
ಸಾಲದು. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು ಇಂಥವೇ ಬರುತ್ತವೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಬೇಕು ಅಂತ ಬೇರೆ ಬರೆದು ಕೊಡಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮೊದಲು ಕೇಳೋಣ, ಇಲ್ಲವಾದರೆ ಖಾಸಗಿ ಲ್ಯಾಬ್. ಶೆಡ್ ಜಾಗದ ಮಣ್ಣು ಬೇರೆ ಚೀಲ, ಉಳಿದ ಜಾಗದ್ದು ಬೇರೆ ಚೀಲ. ಎಂಟು ಹತ್ತು ಕಡೆ ಅರ್ಧ ಅಡಿ ತೋಡಿ, ಬೆರೆಸಿ, ಅರ್ಧ ಕಿಲೋ ತೆಗೆದರೆ ಆಯಿತು. ಗ್ಲೌಸ್, ಮಾಸ್ಕ್ ಇರಲಿ. ಮಣ್ಣಿಗೆ ಸ್ವಲ್ಪ ನೀರು ಚಿಮುಕಿಸಿ, ಧೂಳು ಏಳಬಾರದು. ಮಕ್ಕಳನ್ನು ಕರೆದುಕೊಂಡು ಬರಬೇಡ್ರಿ.

ಅಮೆರಿಕದಲ್ಲಿ ಮನೆಯಂಗಳದ ಮಣ್ಣಿಗೆ ಕಿಲೋಗೆ 400 ಮಿಲಿಗ್ರಾಂ ಸೀಸ ದಾಟಿದರೆ ಪರಿಶೀಲಿಸಬೇಕು ಅಂತಿದ್ದ ಮಟ್ಟವನ್ನು 2024ರಲ್ಲಿ 200ಕ್ಕೆ ಇಳಿಸಿದರು. ಬ್ಯಾಟರಿ ಒಡೆದ ಜಾಗದಲ್ಲಿ ಸಾವಿರಗಟ್ಟಲೆ ಬರುವುದುಂಟು. ಹಾಗೆ ಬಂದರೆ ಬಯೋಚಾರ್ ಮಾತು ಬಿಡ್ರಿ. ಆ ಮಣ್ಣನ್ನು ಅಗೆಸಿ ಸಾಗಿಸಬೇಕು, ಅದು ನಮ್ಮ ಕೈಯ ಕೆಲಸ ಅಲ್ಲ.

ಕಾರ್ಯದರ್ಶಿ:
ಮಾಲಿನ್ಯಗೊಂಡ ಜಾಗಗಳಿಗೆ ಅಂತಲೇ ಕೇಂದ್ರ 2025ರಲ್ಲಿ ಹೊಸ ನಿಯಮ ತಂದಿದೆ. ಸಂಶಯ ಇರುವ ಜಾಗವನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಪಟ್ಟಿ ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು. ಪರೀಕ್ಷೆ ವರದಿ ಕೈಗೆ ಬಂದರೆ ಪಾಲಿಕೆಗೆ ಅರ್ಜಿ ನಾನು ಬರೆಯುತ್ತೇನೆ. ಬರೀ ಬಾಯಿಮಾತಿನಲ್ಲಿ ಹೋದರೆ ‘ನೋಡೋಣ’ ಅಂದು ಕಳಿಸುತ್ತಾರೆ.

ಮನೆ 22:
ಸೀಸ ಸ್ವಲ್ಪವೇ ಇದ್ದರೆ? ಆಗ ಬಯೋಚಾರ್ ಎಷ್ಟು ಬೇಕು ಕಾಕಾರ?

ಮನೆ 15:
ಲೆಕ್ಕ ಹಾಕಿದೆ. 30-40ರ ಪೂರ್ತಿ ಸೈಟಿನ ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 22 ಟನ್. ತೂಕದ 2 ಶೇಕಡಾ ಬೆರೆಸಬೇಕಂದ್ರೂ 430 ಕಿಲೋ ಬಯೋಚಾರ್. ಅಷ್ಟಕ್ಕೆ ಎರಡು ಟನ್‌ಗೂ ಮೇಲೆ ಒಣ ಕಸ ಬೇಕು, ಯಾಕೆಂದರೆ ಗುಂಡಿಯಲ್ಲಿ ಸುಟ್ಟರೆ ಐದರಲ್ಲೊಂದು ಪಾಲು ಉಳಿದರೆ ಹೆಚ್ಚು. ಶೆಡ್ ಇದ್ದ ಹತ್ತಡಿ-ಹತ್ತಡಿಗೆ ಮಾತ್ರ ಅಂದ್ರೆ 36 ಕಿಲೋ ಸಾಕು. ಕೊಳೆತ ಸಗಣಿ ಗೊಬ್ಬರದಲ್ಲಿ ಕೆಲವು ವಾರ ನೆನೆಹಾಕಿ ಬೆರೆಸಬೇಕು. ಮೇಲೆ ಹೊಸ ಮಣ್ಣು ಹಾಸಿ ಹುಲ್ಲು ಹಚ್ಚಬೇಕು, ಬೋಳು ಮಣ್ಣು ಕಾಣಬಾರದು. ಅಲ್ಲಿ ಮೆಂತ್ಯ, ಪಾಲಕ್ ಬೇಡವೇ ಬೇಡ.

ಹಳೆ ಬಾಗಿಲು, ಕಿಟಕಿ ಸುಟ್ಟು ಬಯೋಚಾರ್ ಮಾಡುವ ಉಪಾಯ ಯಾರಿಗಾದರೂ ಹೊಳೆದಿದ್ದರೆ ಈಗಲೇ ಬಿಡ್ರಿ. ಹಳೆ ಬಣ್ಣದಲ್ಲೂ ಸೀಸ ಇರುತ್ತದೆ. ಅಡುಗೆ ಮನೆಯ ಹಸಿ ಕಸ ಕಾಂಪೋಸ್ಟಿಗೆ ಸರಿ, ಇದಕ್ಕಲ್ಲ.

ಮನೆ 9:
ನಮ್ಮ ತಮ್ಮನ ಹೊಲ ಕಲಘಟಗಿ ಕಡೆ ಇದೆ. ಗೋವಿನಜೋಳದ ದಿಂಡು ರಾಶಿ ಬಿದ್ದಿದೆ. ಅಲ್ಲೇ ಗುಂಡಿ ತೆಗೆದು ಸುಡೋಣ, ಬಯೋಚಾರ್ ಮಾತ್ರ ಇಲ್ಲಿಗೆ ತರೋಣ. ಬಡಾವಣೆಯಲ್ಲಿ ಹೊಗೆಯೇ ಇರುವುದಿಲ್ಲ.

ಮನೆ 31:
ಹಂಗಾದ್ರೆ ನನ್ನ ತಕರಾರಿಲ್ಲ. ಪರೀಕ್ಷೆ ಖರ್ಚಿಗೆ ನಮ್ಮ ಮನೆಯ ಪಾಲು ಮೊದಲು ಹಾಕುತ್ತೇನೆ.

ಕಾರ್ಯದರ್ಶಿ:
ಸರಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಮಣ್ಣು ತೆಗೆಯುವುದು, ಮನೆ 15ರ ಸರ್ ನಿಂತು ಹೇಳುತ್ತಾರೆ. ಅಲ್ಲಿಯವರೆಗೆ ಹುಡುಗರು ಆ ಜಾಗದಲ್ಲಿ ಕ್ರಿಕೆಟ್ ಆಡುವುದು ಬಂದ್. ಹಗ್ಗ ಇವತ್ತು ಸಂಜೆಯೇ ಕಟ್ಟುತ್ತೇವೆ. ಸುಡುವ ವಿಚಾರ ವರದಿ ಬಂದ ಮೇಲೆ.

ಮನೆ 4:
ನಮ್ಮ ಖಾನಾವಳಿಯಲ್ಲಿ ಕರಟ ಮೂರು ಚೀಲ ಕೂಡಿದೆ. ಇಟ್ಟಿರಲಾ, ಒಗೆಯಲಾ?

ಮನೆ 15:
ಇಟ್ಟಿರ್ರಿ ಅಕ್ಕಾರ. ಬಿಸಿಲಿಗೆ ಹರವಿ ಒಣಗಿಸಿರಿ. ಹಸಿ ಇದ್ದರೆ ಹೊಗೆಯೇ ಜಾಸ್ತಿ.