ಮಳಿಗೆಗೊಂದು ಬಕೆಟ್: ಟೆರಾಫಾರ್ಮ್‌ನಲ್ಲಿ ಪಟ್ಟಿಯ ನಡುವಿನ ಒಂದನ್ನು ಮಾತ್ರ ತೆಗೆಯುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನ ನಮ್ಮ ಜಯನಗರ, ಮಲ್ಲೇಶ್ವರ, ಯಲಹಂಕ ಮತ್ತು ವೈಟ್‌ಫೀಲ್ಡ್ ಮಳಿಗೆಗಳ ಬಿಲ್ ಪ್ರತಿಗಳಿಗಾಗಿ ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನ ಮುಂಬೈ ರೀಜನ್‌ನಲ್ಲಿ ಮಳಿಗೆಗೊಂದರಂತೆ ಎಸ್3 ಬಕೆಟ್‌ಗಳನ್ನು (ಕಡತಗಳನ್ನಿಡುವ ಸಂಗ್ರಹಗಳು) ಟೆರಾಫಾರ್ಮ್ (ಕ್ಲೌಡ್ ಸಂಪನ್ಮೂಲಗಳನ್ನು ಕೋಡ್‌ನಲ್ಲಿ ಬರೆದು ರಚಿಸುವ ಸಾಧನ) ಮೂಲಕ ರಚಿಸಿದ್ದೇವೆ. ಹೆಸರುಗಳನ್ನು ಇದೇ ಕ್ರಮದಲ್ಲಿ ಪಟ್ಟಿ ಮಾಡಿ, ಎಷ್ಟು ಬಕೆಟ್ ಬೇಕೆಂದು ಹೇಳುವ ಕೌಂಟ್‌ಗೆ ಪಟ್ಟಿಯ ಉದ್ದವನ್ನು ಕೊಟ್ಟಿದ್ದೇವೆ. ಮಲ್ಲೇಶ್ವರದ ಮಳಿಗೆ ಮುಚ್ಚಿದ್ದರಿಂದ ಆ ಹೆಸರೊಂದನ್ನೇ ತೆಗೆದೆ; ಆಗಲಿರುವ ಬದಲಾವಣೆಗಳನ್ನು ಮೊದಲೇ ತೋರಿಸುವ ಪ್ಲಾನ್ ಮಾತ್ರ ಎರಡನ್ನು ರಚಿಸಿ ಮೂರನ್ನು ಅಳಿಸುವುದಾಗಿ ತೋರಿಸುತ್ತಿದೆ. ಅದನ್ನು ಇನ್ನೂ ಅಪ್ಲೈ ಮಾಡಿಲ್ಲ (ಜಾರಿಗೊಳಿಸಿಲ್ಲ). ಏನು ಮಾಡಬೇಕು?

ಉತ್ತರ 1:
ಕೌಂಟ್ ಬಳಸಿದಾಗ ಸ್ಟೇಟ್‌ನಲ್ಲಿ (ಟೆರಾಫಾರ್ಮ್ ತಾನು ರಚಿಸಿದ್ದನ್ನು ದಾಖಲಿಸಿಡುವ ಕಡತ) ಪ್ರತಿ ಬಕೆಟ್‌ನ ಗುರುತು ಅದರ ಹೆಸರಲ್ಲ, ಸೊನ್ನೆಯಿಂದ ಆರಂಭವಾಗುವ ಕ್ರಮಸಂಖ್ಯೆ. ಬಕೆಟ್‌ನ ಹೆಸರನ್ನು ಇದ್ದಲ್ಲಿಯೇ ಬದಲಿಸಲು ಎಸ್3 ಬಿಡುವುದಿಲ್ಲವಾದ್ದರಿಂದ, 1ರಲ್ಲಿರುವ ಮಲ್ಲೇಶ್ವರವನ್ನು ಅಳಿಸಿ ಅಲ್ಲಿ ಯಲಹಂಕವನ್ನೂ, 2ರಲ್ಲಿರುವ ಯಲಹಂಕವನ್ನು ಅಳಿಸಿ ಅಲ್ಲಿ ವೈಟ್‌ಫೀಲ್ಡನ್ನೂ ರಚಿಸಲು ಟೆರಾಫಾರ್ಮ್ ಹೊರಡುತ್ತದೆ. 3ನೆಯ ಸ್ಥಾನವೇ ಇಲ್ಲವಾದ್ದರಿಂದ ಅಲ್ಲಿರುವುದನ್ನು ನೇರವಾಗಿ ಅಳಿಸುತ್ತದೆ. ಒಳಗಿನ ಕಡತಗಳ ಸಮೇತ ಬಕೆಟ್ ಅಳಿಸಲು ಬಿಡುವ ಫೋರ್ಸ್ ಡಿಸ್ಟ್ರಾಯ್ ಆನ್ ಆಗಿಲ್ಲದಿದ್ದರೆ ಒಳಗೆ ಕಡತಗಳಿರುವ ಬಕೆಟ್ ಅಳಿಯದೆ ಅಪ್ಲೈ ನಡುವೆಯೇ ನಿಲ್ಲುತ್ತದೆ. ಆನ್ ಆಗಿದ್ದರೆ ಮೂರು ಮಳಿಗೆಗಳ ಬಿಲ್‌ಗಳೂ ಹೋಗುತ್ತವೆ.

ಮೊದಲು ಮಲ್ಲೇಶ್ವರವನ್ನು ಪಟ್ಟಿಗೆ ಮರಳಿ ಸೇರಿಸಿ. ಅನಂತರ ಕೌಂಟ್ ಬದಲಿಗೆ, ಪ್ರತಿ ಬಕೆಟನ್ನೂ ಸಂಖ್ಯೆಯ ಬದಲು ಕೀಲಿಯಿಂದ (ಇಲ್ಲಿ ಮಳಿಗೆಯ ಹೆಸರು) ಗುರುತಿಸುವ ಫಾರ್ ಈಚ್ ಬರೆದು, ಪಟ್ಟಿಯನ್ನು ಕ್ರಮವಿಲ್ಲದ ಗಣವಾಗಿಸುವ ಟುಸೆಟ್ ಮೂಲಕ ಕೊಟ್ಟು, ಹಳೆಯ ಪ್ರತಿ ಸಂಖ್ಯೆಯನ್ನೂ ಅದರ ಹೊಸ ಕೀಲಿಗೆ ಜೋಡಿಸುವ ನಾಲ್ಕು ಮೂವ್ಡ್ ಬ್ಲಾಕ್‌ಗಳನ್ನು ಸೇರಿಸಿ. ಇದಕ್ಕೆ ಟೆರಾಫಾರ್ಮ್‌ನ 1.1 ಅಥವಾ ಅದರ ನಂತರದ ಆವೃತ್ತಿ ಬೇಕು. ರಚನೆಯೂ ಅಳಿಸುವಿಕೆಯೂ ಸೊನ್ನೆ ಎಂದು ಪ್ಲಾನ್ ತೋರಿಸಿದರೆ ಮಾತ್ರ ಅಪ್ಲೈ ಮಾಡಿ. ಹೆಸರನ್ನು ತೆಗೆಯುವುದು ಅದಾದ ಮೇಲೆ.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ, ಆದರೆ ಬಡಾವಣೆಯ ಹೆಸರನ್ನು ಕೀಲಿಯಾಗಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಾಳೆ ಯಾರಾದರೂ ಮಲ್ಲೇಶ್ವರವನ್ನು ಮಲ್ಲೇಶ್ವರಂ ಎಂದು ತಿದ್ದಿದರೆ ಟೆರಾಫಾರ್ಮ್‌ಗೆ ಅದು ಬೇರೆಯೇ ಬಕೆಟ್. ಮಳಿಗೆಯ ಸಂಕೇತವನ್ನು ಕೀಲಿಯಾಗಿಟ್ಟು ಹೆಸರು ಮುಂತಾದವನ್ನು ಮ್ಯಾಪ್‌ನಲ್ಲಿ (ಕೀಲಿ-ಮೌಲ್ಯಗಳ ಜೋಡಿಪಟ್ಟಿ) ಬರೆಯಿರಿ. ಕೀಲಿಗಳು ಪ್ಲಾನ್ ಹೊತ್ತಿಗೇ ತಿಳಿದಿರಬೇಕು. ಅಪ್ಲೈ ಆದ ಮೇಲಷ್ಟೇ ಸಿಗುವ ಐಡಿಗಳು ನಡೆಯುವುದಿಲ್ಲ. ಕೌಂಟ್ ಅನ್ನು ನಾನು ಒಂದು ಸಂಪನ್ಮೂಲ ಬೇಕೋ ಬೇಡವೋ ಎಂಬಲ್ಲಿಗಷ್ಟೇ ಮೀಸಲಿಡುತ್ತೇನೆ.

ಇನ್ನೊಂದು ಮಾತು: ಮಳಿಗೆ ಮುಚ್ಚಿದ ಮಾತ್ರಕ್ಕೆ ಬಿಲ್‌ಗಳನ್ನು ಅಳಿಸಬಹುದೇ? ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಳಿಗೆ ಸಂಕೇತಗಳನ್ನೇ ಕೀಲಿಯಾಗಿಸಿ ಮೂವ್ಡ್ ಬ್ಲಾಕ್‌ಗಳನ್ನು ಸೇರಿಸಿದ ಮೇಲೆ ಪ್ಲಾನ್ ಸೊನ್ನೆ ತೋರಿಸಿತು. ಲೆಕ್ಕಪರಿಶೋಧಕರೂ 72 ತಿಂಗಳ ಮಾತನ್ನೇ ಹೇಳಿದ್ದರಿಂದ ಮಲ್ಲೇಶ್ವರದ ಬಕೆಟ್ ಅನ್ನು ಅಳಿಸದೆ, ಅದರ ಕಡತಗಳನ್ನು ದೀರ್ಘಕಾಲದ ಅಗ್ಗದ ಸಂಗ್ರಹವಾದ ಗ್ಲೇಸಿಯರ್‌ಗೆ ತಾನಾಗಿ ಸಾಗಿಸುವ ಲೈಫ್‌ಸೈಕಲ್ ನಿಯಮವನ್ನು ಬರೆಯುತ್ತಿದ್ದೇನೆ.