ಹೊಸ ಕ್ಲಿನಿಕ್‌ಗೆ ನನ್ನದೇ ಫೋಟೋ ಶೂಟ್: ಎಂತೆಲ್ಲ ತಯಾರಿ ಬೇಕು?

ಕಟಪಾಡಿ ಫಿಸಿಯೋ:
ನಾನು ಫಿಸಿಯೋಥೆರಪಿಸ್ಟ್. ದೀಪಾವಳಿ ಹೊತ್ತಿಗೆ ಕಟಪಾಡಿಯಲ್ಲಿ ಸ್ವಂತ ಕ್ಲಿನಿಕ್ ಶುರು ಮಾಡ್ತಾ ಇದ್ದೇನೆ. ವೆಬ್‌ಸೈಟ್, ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಂ, ಹೊರಗಿನ ಬೋರ್ಡ್, ಎಲ್ಲದಕ್ಕೂ ಒಂದೇ ಸಲ ಫೋಟೋ ತೆಗೆಸುವ ಅಂತ ಉಂಟು. ವಿಚಾರಿಸಿದ ಫೋಟೋಗ್ರಾಫರು ಮದುವೆ ಕೆಲಸ ಮಾಡುವವರು, ಸಂಜೆ ಕಾಪು ಬೀಚಿಗೆ ಹೋಗುವ, ಹಿಂದೆ ದೀಪಸ್ತಂಭ ಬರ್ತದೆ ಅಂತಾರೆ. ಅಮ್ಮನಿಗೆ ನಾನು ಉಡುಪಿ ಕೈಮಗ್ಗದ ಸೀರೆ ಉಡಬೇಕು ಅಂತ ಆಸೆ. ಬಿಳಿ ಕೋಟು ಹಾಕಬೇಕಾ? ಕನ್ನಡಕ ತೆಗೆಯಬೇಕಾ? ಈ ಸೆಕೆಯಲ್ಲಿ ಬೆವರಿಗೆ ಎಂತ ಮಾಡುವುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಬೋಳಾರದ ಕ್ಯಾಮೆರಾ:
ಅಕ್ಕ, ನಾನು ಮಂಗಳೂರಿನಲ್ಲಿ ಇದೇ ಕೆಲಸ ಮಾಡುವವ. ಮೊದಲಿಗೆ ಬೀಚು ಬಿಟ್ಟುಬಿಡಿ. 1901ರ ಆ ದೀಪಸ್ತಂಭ ಚಂದವೇ, ನನಗೂ ತುಂಬಾ ಇಷ್ಟ. ಆದರೆ ಮೊಣಗಂಟು ನೋವಿನಲ್ಲಿ ಮೆಟ್ಟಿಲು ಇಳಿಯಲಿಕ್ಕಾಗದ ಒಬ್ಬರು ನಿಮ್ಮ ಪೇಜ್ ತೆರೆದಾಗ ಅವರಿಗೆ ಕಾಣಬೇಕಾದದ್ದು ನಿಮ್ಮ ಕೈ, ನಿಮ್ಮ ಮುಖ. ಬೆಳಕಿನ ಲೆಕ್ಕದಲ್ಲಿಯೂ ಅಲ್ಲಿ ಕಷ್ಟ ಉಂಟು. ನಮ್ಮ ಕರಾವಳಿಯಲ್ಲಿ ಸಂಜೆ ಸೂರ್ಯ ಕಡಲಿನ ಮೇಲೆ. ಕಡಲಿಗೆ ಬೆನ್ನು ಹಾಕಿದರೆ ಮುಖ ಕಪ್ಪು, ಕಡಲು ನೋಡಿ ನಿಂತರೆ ಕಣ್ಣು ಕಿರಿದು, ಗಾಳಿಗೆ ಕೂದಲೆಲ್ಲ ಬಾಯಿಗೆ.

ನಿಮ್ಮ ಕ್ಲಿನಿಕ್‌ನಲ್ಲೇ ತೆಗೆಸಿ. ಶೂಟಿನ ಮುಂಚೆ ಒಂದು ದಿನ ಅಲ್ಲಿಗೆ ಹೋಗಿ, ಬೆಳಿಗ್ಗೆ ಎಂಟಕ್ಕೆ, ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಯಾರನ್ನಾದರೂ ಕಿಟಕಿ ಪಕ್ಕ ಕೂರಿಸಿ ಮೊಬೈಲಿನಲ್ಲಿ ತೆಗೆದು ನೋಡಿ. ಬಿಸಿಲು ನೇರ ಮೈಮೇಲೆ ಬೀಳದೆ ಕೋಣೆ ಮಾತ್ರ ಬೆಳ್ಳಗೆ ಇರುವ ಹೊತ್ತಿಗೆ ಶೂಟ್ ಇಟ್ಟುಕೊಳ್ಳಿ. ಅಕ್ಟೋಬರಿನಲ್ಲಿ ಇಲ್ಲಿ ಸಂಜೆಯಾದರೆ ಗುಡುಗು ಮಳೆಯ ಹೆದರಿಕೆ, ಹಾಗಾಗಿ ಬೆಳಿಗ್ಗೆಯೇ ಲಾಯಕ್ಕು. ಆ ಹೊತ್ತಿಗೆ ಟ್ಯೂಬ್‌ಲೈಟ್ ಆಫ್ ಮಾಡಿ. ಕಿಟಕಿಯ ಬೆಳಕಿನ ಬಣ್ಣ ಬೇರೆ, ಟ್ಯೂಬಿನದ್ದು ಬೇರೆ, ಎರಡೂ ಮುಖಕ್ಕೆ ಬಿದ್ದರೆ ಮತ್ತೆ ಸರಿ ಮಾಡುವುದು ದೊಡ್ಡ ಕೆಲಸ. ಅಲ್ಲದೆ ನಮ್ಮ ಕರೆಂಟು 50 ಹರ್ಟ್ಜ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಶಟರ್ ವೇಗ ಜಾಸ್ತಿ ಇಟ್ಟರೆ ಫೋಟೋದಲ್ಲಿ ಪಟ್ಟೆ ಬರ್ತದೆ.

ಇನ್ನು ಮುಖ್ಯ ವಿಷಯ. ಕೈಕಟ್ಟಿ ನಿಂತು ನಗುವ ಫೋಟೋ ಒಂದು ಇರಲಿ, ಅದೇ ಎಲ್ಲ ಅಂತ ಆಗಬಾರದು. ತಮ್ಮನೋ ಚಿಕ್ಕಮ್ಮನೋ ಯಾರಾದರೂ ಒಬ್ಬರನ್ನು ಮಂಚದ ಮೇಲೆ ಮಲಗಿಸಿ, ನಿಜವಾಗಿಯೂ ಅವರ ಮೊಣಗಂಟು ಮಡಚಿ ನೋಡಿ, ಗೋನಿಯೋಮೀಟರ್ ಇಟ್ಟು ಕೋನ ಅಳೆಯಿರಿ, "ಇಲ್ಲಿ ನೋವುಂಟಾ?" ಅಂತ ಕೇಳಿ. ನಟನೆ ಬೇಡ, ಕೆಲಸವನ್ನೇ ಮಾಡಿ. ಹಾಗೆ ಕೇಳಿ ಉತ್ತರಕ್ಕೆ ಕಾಯುವ ಆ ಗಳಿಗೆಯಲ್ಲಿ ಮುಖಕ್ಕೆ ಒಂದು ಗಮನ ಬರ್ತದಲ್ಲ, ಅದು "ಸ್ಮೈಲ್ ಮೇಡಂ" ಅಂತ ಹೇಳಿದರೆ ಬರುವುದಿಲ್ಲ. ಫೋಟೋಗ್ರಾಫರಿಗೆ ಮೊದಲೇ ಹೇಳಿ: ನಾನು ಕೆಲಸ ಮಾಡ್ತಾ ಇರ್ತೇನೆ, ನೀವು ಕಾದು ತೆಗೆಯಿರಿ. ಉಗುರು ಚಿಕ್ಕದಿರಲಿ, ಉಂಗುರ, ವಾಚು ತೆಗೆದಿಡಿ. ಈ ಫೋಟೋಗಳಲ್ಲಿ ಕೈ ತುಂಬಾ ಹತ್ತಿರದಿಂದ ಕಾಣ್ತದೆ, ಮತ್ತೆ ನಿಮ್ಮ ವೃತ್ತಿಯವರು ನೋಡಿದರೆ ಮೊದಲು ಗಮನಿಸುವುದೂ ಅದನ್ನೇ.

ಬಟ್ಟೆ: ಕೆಲಸದ ಫೋಟೋಗೆ ದಿನಾ ಹಾಕುವುದನ್ನೇ ಹಾಕಿ. ಉದ್ದ ಬಿಳಿ ಕೋಟು ಹಾಕಿ ಬಾಗಿ ವ್ಯಾಯಾಮ ಮಾಡಿಸುವುದು ನೋಡುವವರಿಗೇ ಇರುಸುಮುರುಸು. ಅಮ್ಮ ಹೇಳಿದ್ದನ್ನೂ ಬಿಡಬೇಡಿ, ನಿಂತ ಫೋಟೋಗೆ, ಉದ್ಘಾಟನೆಯ ಆಮಂತ್ರಣಕ್ಕೆ ಆ ಸೀರೆ ಬಹಳ ಒಪ್ಪುತ್ತದೆ. ಹತ್ತಿ ನೂಲು, ರೇಷ್ಮೆಯ ಹಾಗೆ ಫ್ಲ್ಯಾಶಿಗೆ ಹೊಳೆಯುವುದಿಲ್ಲ. ಸಣ್ಣ ಚೌಕುಳಿಯದ್ದು ಮಾತ್ರ ಬೇಡ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಸಾಲುಗಳೂ ಬಟ್ಟೆಯ ಸಣ್ಣ ಗೆರೆಗಳೂ ಒಂದರ ಮೇಲೊಂದು ಬಿದ್ದಾಗ ಬಟ್ಟೆಯಲ್ಲಿಲ್ಲದ ಬಣ್ಣದ ಅಲೆಗಳು ಏಳುತ್ತವೆ. ಒಡಲು ಒಂದೇ ಬಣ್ಣ, ಅಂಚು ಬೇರೆ ಬಣ್ಣ, ಅಂಥದ್ದು ಆರಿಸಿ.

ಕನ್ನಡಕ ತೆಗೆಯಲೇಬೇಡಿ, ದಿನಾ ನೋಡುವವರಿಗೆ ನಿಮ್ಮ ಗುರುತು ಅದು. ಕಿವಿಯ ಮೇಲೆ ಕೂರುವ ಅದರ ಕಡ್ಡಿಗಳನ್ನು ಒಂದು ಚೂರು ಮೇಲೆತ್ತಿ ಗಾಜು ಕೆಳಗೆ ವಾಲಿದರೆ ಪ್ರತಿಬಿಂಬ ಹೋಗ್ತದೆ. ಫೇಶಿಯಲ್ ಆ ವಾರ ಬೇಡ, ಚರ್ಮ ಕೆಂಪಾದರೆ ಕಷ್ಟ. ಫ್ಲ್ಯಾಶ್ ಬಳಸುವುದಾದರೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಚ್ಚಬೇಡಿ, ಮುಖ ಬಿಳಿಚಿ ಕಾಣಬಹುದು. ಬೆವರಿಗೆ ಎಸಿಯೇ ಮದ್ದು, ಆದರೆ ಬೋರ್ಡಿನ ಎದುರಿನ ಫೋಟೋ ಮೊದಲು ಮುಗಿಸಿ ಮತ್ತೆ ಒಳಗೆ ಬನ್ನಿ. ತಣ್ಣಗಿನ ಕೋಣೆಯಿಂದ ಕ್ಯಾಮೆರಾ ಹೊರಗೆ ತಂದರೆ ನಮ್ಮ ಊರಿನ ಹವೆಗೆ ಲೆನ್ಸಿನ ಮೇಲೆ ಮಂಜು ಕೂತುಬಿಡ್ತದೆ.

ಕಟಪಾಡಿ ಫಿಸಿಯೋ:
ಅಣ್ಣ, ಇಷ್ಟು ಬಿಡಿಸಿ ಹೇಳಿದ್ದು ದೊಡ್ಡ ಉಪಕಾರ. ಕಿಟಕಿ ಪೂರ್ವಕ್ಕೆ ಉಂಟು, ನಾಳೆಯೇ ನೋಡ್ತೇನೆ. ಇನ್ನೊಂದು ಕೇಳಲಿಕ್ಕಿತ್ತು. ಮನೆಗೆ ಹೋಗಿ ಚಿಕಿತ್ಸೆ ಕೊಡುವ ಒಬ್ಬರು ಅಜ್ಜಿ ಇದ್ದಾರೆ, ನನ್ನ ಫೋಟೋ ಹಾಕು ಮಗಾ ಅಂತ ಅವರೇ ಹೇಳ್ತಾರೆ. ಹಾಕಬಹುದಾ?

ಕುಂದಾಪುರದ ವಕೀಲೆ:
ಬಾಯಿಮಾತಿನ ಒಪ್ಪಿಗೆ ಸಾಲದು. ಫೋಟೋ ಎಲ್ಲೆಲ್ಲಿ ಹಾಕುತ್ತೀರಿ, ಬೇಡ ಎಂದ ದಿನ ತೆಗೆಯುತ್ತೀರಿ ಎಂದು ಕನ್ನಡದಲ್ಲೇ ಬರೆದು ಅಜ್ಜಿಗೆ ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ. ಮನೆಯವರೂ ಕೂತಿರಲಿ. ನನ್ನನ್ನು ಕೇಳಿದರೆ ಚಿಕಿತ್ಸೆ ನಡೆಯುತ್ತಿರುವವರನ್ನು ಬಿಟ್ಟು ನೆಂಟರನ್ನೇ ಮಲಗಿಸುವುದು ಒಳ್ಳೆಯದು. ತಮ್ಮ ನೋವು ನೋಡಿಕೊಳ್ಳುವವರಿಗೆ ಇಲ್ಲ ಎನ್ನಲು ಜನಕ್ಕೆ ಬಾಯಿ ಬರುವುದಿಲ್ಲ.

ಫೋಟೋಗ್ರಾಫರ ಜೊತೆಗಿನ ಕರಾರನ್ನೂ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಹಣ ಕೊಟ್ಟು ನೀವು ತೆಗೆಸಿದ ಫೋಟೋಗೆ ಮೊದಲ ಹಕ್ಕುದಾರರು ನೀವೇ, ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ. ಆ "ಬೇರೆ ಒಪ್ಪಂದ" ಕೊಟೇಶನ್ನಿನ ಕೊನೆಯ ಸಣ್ಣ ಅಕ್ಷರದಲ್ಲಿ ಇರಬಹುದು. ನಿಮ್ಮ ಫೋಟೋಗಳನ್ನು ಅವರು ತಮ್ಮ ಜಾಹೀರಾತಿಗೆ ಬಳಸಬಹುದೋ ಇಲ್ಲವೋ, ಅದನ್ನೂ ಬರೆಸಿ.

ಬೋಳಾರದ ಕ್ಯಾಮೆರಾ:
ವಕೀಲರು ಹೇಳಿದ್ದು ಸರಿ, ನಾನೂ ಕೇಳದೆ ಯಾರದ್ದೂ ಹಾಕುವುದಿಲ್ಲ. ಅಳತೆಯ ಬಗ್ಗೆ ಒಂದು ಮಾತು ಉಳಿದಿತ್ತು. ಲಿಂಕ್ಡ್‌ಇನ್‌ನ ಮೇಲಿನ ಪಟ್ಟಿ 1584×396 ಪಿಕ್ಸೆಲ್, ಅಂದರೆ ಅಗಲ ಎತ್ತರದ ನಾಲ್ಕು ಪಾಲು. ಇನ್‌ಸ್ಟಾಗ್ರಾಂನ ಉದ್ದ ಪೋಸ್ಟಿಗೆ 1080×1350. ಪ್ರೊಫೈಲ್ ಫೋಟೋ ವೃತ್ತದೊಳಗೆ ಕೂರುವುದರಿಂದ ತಲೆಯ ಸುತ್ತ ಜಾಗ ಬೇಕು. ವೆಬ್‌ಸೈಟಿಗೆ ನೀವು ಒಂದು ಬದಿಗಿದ್ದು ಇನ್ನೊಂದು ಬದಿ ಖಾಲಿ ಗೋಡೆ ಇರುವ ಅಡ್ಡ ಫೋಟೋ ಬೇಕು, ಕ್ಲಿನಿಕ್ ಹೆಸರು ಅಲ್ಲಿ ಬರ್ತದೆ. ಫೈಲುಗಳನ್ನು ಡ್ರೈವ್‌ನಲ್ಲಿ ಕೇಳಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದರೆ ಸಣ್ಣದಾಗಿ ಬರ್ತದೆ, ಬೋರ್ಡಿಗೆ ಪ್ರಿಂಟ್ ಹಾಕಿದಾಗ ಒಡೆದು ಕಾಣ್ತದೆ. ಈ ಪಟ್ಟಿ ಶೂಟಿನ ಮೊದಲೇ ಅವರಿಗೆ ಕಳಿಸಿ. ಹತ್ತಿರದಿಂದ ಉದ್ದಕ್ಕೆ ತೆಗೆದದ್ದನ್ನು ಆಮೇಲೆ ಕತ್ತರಿಸಿ ಅಡ್ಡ ಮಾಡಲಿಕ್ಕೆ ಹೋದರೆ ನಿಮ್ಮ ಕೈಯೇ ಹೊರಗೆ ಹೋಗ್ತದೆ.