ಬಂಕರ್ ಕಟ್ಟಿಸಿದವರು ಅನುಭವ ಹೇಳಿ: ಹಾಕಿದ ದುಡ್ಡಿಗೆ ಬೆಲೆ ಇದೆಯಾ?

ಕೇಳುತ್ತಿರುವವನು
ಮನೆಯ ಹಿಂದೆ ಸ್ವಲ್ಪ ಖಾಲಿ ಜಾಗ ಇದೆ. ಯುದ್ಧದ ಸುದ್ದಿ, ಬಿರುಗಾಳಿ, ವಾರಗಟ್ಟಲೆ ಕರೆಂಟ್ ಇಲ್ಲದ ಪರಿಸ್ಥಿತಿ, ಇವನ್ನೆಲ್ಲ ನೋಡಿ ನೋಡಿ ಒಂದು ಬಂಕರ್ ಮಾಡಿಸೋಣ ಅನ್ನಿಸಿದೆ. ಮನೆಯಲ್ಲಿ 4 ಜನ. ಅಮ್ಮನಿಗೆ ಮಂಡಿ ನೋವು, ಕಡಿದಾದ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಉಳಿತಾಯದ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಕಾಂಕ್ರೀಟಾ, ರೆಡಿಮೇಡ್ ಉಕ್ಕಿನದಾ, ಇಲ್ಲ ಈ ಯೋಚನೆಯನ್ನೇ ಬಿಡಬೇಕಾ? ಮಾಡಿಸಿದವರು ಹೇಳಿ.

ನೆಲದಡಿ
ಕಾಂಕ್ರೀಟ್. ಬೇರೆ ಮಾತೇ ಇಲ್ಲ. ನಮ್ಮದು ಹೊರ ಅಳತೆ 6 ಮೀಟರ್ ಉದ್ದ, 3 ಅಗಲ, 3 ಎತ್ತರ. ತಳ, ಗೋಡೆ, ತಾರಸಿ ಎಲ್ಲ 20 ಸೆಂಟಿಮೀಟರ್ ದಪ್ಪ, ಮೇಲೆ 60 ಸೆಂಟಿಮೀಟರ್ ಮಣ್ಣು. ಸಿಮೆಂಟು, ಕಬ್ಬಿಣಕ್ಕೆ ಜಾಸ್ತಿ ಖರ್ಚು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಗುಂಡಿ ತೋಡಿದ್ದು, ಮಣ್ಣು ಸಾಗಿಸಿದ್ದು, ಬದಿ ಕುಸಿಯದಂತೆ ಆಸರೆ ಕೊಟ್ಟಿದ್ದು, ಇಷ್ಟಕ್ಕೇ ಮೂರನೇ ಒಂದು ಪಾಲು ಹೋಯಿತು. ಸುತ್ತ ಒಂದೊಂದು ಮೀಟರ್ ಕೆಲಸದ ಜಾಗ ಬಿಟ್ಟರೆ 54 ಘನ ಮೀಟರ್ ಪೆಟ್ಟಿಗೆಗೆ 144 ಘನ ಮೀಟರ್ ಮಣ್ಣು ಎತ್ತಬೇಕು. ತೋಡಿದ ಮೇಲೆ ಮಣ್ಣು ಉಬ್ಬುತ್ತದೆ, ಲಾರಿ ಲೆಕ್ಕ ಏರುತ್ತಲೇ ಹೋಗುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಅಂತರ್ಜಲ ಮೇಲೆ ಬಂದರೆ ಕಾಂಕ್ರೀಟ್ ಪೆಟ್ಟಿಗೆಯೂ ತೇಲುತ್ತದೆ! ನಮ್ಮ ಪೆಟ್ಟಿಗೆಯ ತೂಕ ಸುಮಾರು 39 ಟನ್. ಸುತ್ತ ನೀರು ತುಂಬಿದರೆ ಅದನ್ನು ಮೇಲಕ್ಕೆ ತಳ್ಳುವ ಬಲ 54 ಟನ್. ಮೇಲಿನ ಮಣ್ಣು ನೆನೆದಾಗ ಅದರ ಭಾರವನ್ನು ಪೂರ್ತಿ ನಂಬಲು ಆಗದು. ಅದಕ್ಕೇ ತಳವನ್ನು ಗೋಡೆಯಿಂದ ಆಚೆಗೆ ಚಾಚಿಸಿ, ಅದರ ಮೇಲೂ ಮಣ್ಣು ಕೂರುವಂತೆ ಮಾಡಿಸಿದೆ. ಗುತ್ತಿಗೆದಾರ "ಅದೆಲ್ಲ ಯಾಕೆ ಸುಮ್ನೆ" ಅಂದ. ನಾನು ಬಿಡಲಿಲ್ಲ.

ತಳಕ್ಕೂ ಗೋಡೆಗೂ ನಡುವಿನ ಜೋಡಣೆಯಲ್ಲಿ ನೀರು ತಡೆಯುವ ಪಟ್ಟಿ ಇಡುತ್ತಾರಲ್ಲ, ಅದನ್ನು ಒಂದು ಮೂಲೆಯಲ್ಲಿ ಅವನ ಕಡೆಯವರು ಮಡಚಿ ಹಾಗೇ ಕಾಂಕ್ರೀಟ್ ಸುರಿದುಬಿಟ್ಟಿದ್ದರು. ಸರಿಯಾಗಿ ಅಲ್ಲೇ ಒಸರು ಶುರುವಾಯಿತು. ಮೊದಲು ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಗೆರೆ, ಆಮೇಲೆ ಅಂಗೈಯಗಲದ ತೇವ, ಆಮೇಲೆ ಹನಿ. ಒಳಗಿನಿಂದ ರಂಧ್ರ ಕೊರೆದು ರಾಸಾಯನಿಕ ತುಂಬಿಸಿದ ಖರ್ಚು ಬಾಗಿಲಿನ ಬೆಲೆಯನ್ನೇ ಮೀರಿತು. ಆದರೆ ಈಗ ಒಣಗಿ ಗಟ್ಟಿಯಾಗಿದೆ. ಇವತ್ತು ಏನಾದರೂ ಆದರೆ ನನ್ನ ಮಕ್ಕಳಿಗೆ ಜಾಗ ಇದೆ. ಅದಕ್ಕೆ ಬೆಲೆ ಕಟ್ಟಲು ಆಗುತ್ತದಾ?

ಉಕ್ಕಿನ ಕೋಣೆ
ಕಂಟೇನರ್ ಕಡೆ ತಲೆ ಹಾಕಿಯೂ ಮಲಗಬೇಡಿ. ನನಗೆ ಮಾರಿದವನು ಏನು ಹೇಳಿದ ಗೊತ್ತಾ? "ಹಡಗಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ ಸಾರ್, ಈ ಮಣ್ಣು ಯಾವ ಲೆಕ್ಕ." 20 ಅಡಿಯ ಪೆಟ್ಟಿಗೆ. ಮಂಚ, ಶೌಚಾಲಯ, ಗಾಳಿ ಕೊಳವೆ ಎಲ್ಲ ಅವನೇ ಕೂರಿಸಿ, ಅವನ ಆಳುಗಳೇ ಹೂತು ಹೋದರು. ಮೊದಲ ಮಳೆಗಾಲದಲ್ಲೇ ಬಲಗಡೆ ಗೋಡೆ ಒಳಕ್ಕೆ ಉಬ್ಬಿತು. ಮಂಚ ಗೋಡೆಗೆ ಸಿಕ್ಕಿಕೊಂಡು ವಾಲಿತು. ಬಾಗಿಲಿನ ಚೌಕಟ್ಟು ಸೊಟ್ಟಗಾಗಿ ಅಗುಳಿಯೇ ಕೂರಲಿಲ್ಲ. ಫೋನ್ ಮಾಡಿದರೆ "ಮಣ್ಣು ತುಂಬಿದ ರೀತಿ ಸರಿ ಇಲ್ಲ" ಅಂದ. ತುಂಬಿದ್ದು ಯಾರು, ನಾನಾ?

ಒಳಗೆ ಉಕ್ಕಿನ ಕಂಬ ನಿಲ್ಲಿಸಿದೆ. ಓಡಾಡುವ ಜಾಗ ಅರ್ಧ ಹೋಯಿತು. ಹೊರಗಿನ ಬಣ್ಣ ಕೆರೆದು ಹೋದ ಕಡೆಯೆಲ್ಲ ತುಕ್ಕು. ಮತ್ತೆ ಅಗೆಸಿ, ಬಣ್ಣ ಬಳಿಸಿ, ಮುಚ್ಚಿಸಿದೆ. ಒಂದೇ ಗುಂಡಿಗೆ ಎರಡು ಸಲ ದುಡ್ಡು ಕೊಟ್ಟ ಹೊಟ್ಟೆಯುರಿ ಇನ್ನೂ ಇದೆ.

ಹಳೇ ಸೈಟ್ ಇಂಜಿನಿಯರ್
ಪೇರಿಸಿದಾಗ ಭಾರ ಇಳಿಯುವುದು 4 ಮೂಲೆಯ ಕಂಬಗಳ ಮೇಲೆ. ತಾರಸಿಯ ತಗಡು 2 ಮಿಲಿಮೀಟರ್ ಆಸುಪಾಸು ಅಷ್ಟೇ. ಅದರ ಮೇಲೆ 60 ಸೆಂಟಿಮೀಟರ್ ಒದ್ದೆ ಮಣ್ಣು ಅಂದರೆ 16-17 ಟನ್. ಪಕ್ಕದಿಂದ ಮಣ್ಣು ತಳ್ಳುವುದು ಬೇರೆ. ಗೋಡೆ ಉಬ್ಬದೆ ಇನ್ನೇನಾಗುತ್ತದೆ? ಒಬ್ಬ ಇಂಜಿನಿಯರಿಗೆ ನಕ್ಷೆ ತೋರಿಸಿದ್ದರೆ ಹತ್ತು ನಿಮಿಷದ ಕೆಲಸ.

ಉಕ್ಕಿನ ಕೋಣೆ
ಅದನ್ನು ಮಾರುವವನು ಹೇಳಬೇಕು ಸ್ವಾಮಿ. ಕೊಳ್ಳುವವನೇ ಎಲ್ಲ ಓದಿಕೊಂಡು ಬರಬೇಕು ಅಂದರೆ ಅವನು ಲಾಭ ತೆಗೆದುಕೊಂಡಿದ್ದು ಯಾತಕ್ಕೆ? ನೊಂದವನಿಗೆ ಪಾಠ ಹೇಳಲು ಎಲ್ಲರೂ ಮುಂದೆ ಬರುತ್ತಾರೆ.

ಮೇಲ್ಮಹಡಿ
ನಾನು ಬಂಕರ್ ಬೇಡ ಅಂದವಳು, ಇವತ್ತಿಗೂ ಅದೇ ಮಾತು. ನಮಗೆ ಬಂದಿದ್ದು ಪ್ರವಾಹ. ರಾತ್ರಿ ಚರಂಡಿಯಿಂದ ನೀರು ಹಿಂದಕ್ಕೆ ನುಗ್ಗಿತು. ಬೆಳಗಾಗುವುದರೊಳಗೆ ಪಕ್ಕದ ಮನೆಯವರ ನೆಲಮಾಳಿಗೆ ಸೂರಿನ ತನಕ ತುಂಬಿತ್ತು. ಅವರು ವರ್ಷಗಟ್ಟಲೆ ಕೂಡಿಸಿಟ್ಟ ಸಾಮಾನೆಲ್ಲ ಕೆಸರಿನಲ್ಲಿ. ನಾವು ಮೇಲೆ ಇದ್ದೆವು, ಬದುಕಿದೆವು.

ದುಡ್ಡನ್ನು ನಾನು ಹಾಕಿದ್ದು ಇಂಥದಕ್ಕೆ: ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ನೀರು. 4 ಜನಕ್ಕೆ 2 ವಾರ ಅಂದರೆ 224 ಲೀಟರ್. ಸೋಲಾರ್, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಔಷಧಿ, ಒಂದು ರೇಡಿಯೋ. ಬಿರುಗಾಳಿಗೆ ಮನೆಯೊಳಗೇ ಒಂದು ಗಟ್ಟಿ ಕೋಣೆ. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಪಿ-361 ಮಾರ್ಗಸೂಚಿ ನೋಡಿ, ಸುಂಟರಗಾಳಿ ಜಾಸ್ತಿ ಇರುವ ಕಡೆ ಗಂಟೆಗೆ 400 ಕಿಲೋಮೀಟರ್ ಗಾಳಿ ತಡೆಯುವ ಕೋಣೆಗೂ ಅದರಲ್ಲಿ ಲೆಕ್ಕ ಇದೆ. ನೆಲ ಅಗೆಯುವ ಅಗತ್ಯವೇ ಇಲ್ಲ. ನೆಲದಡಿ ಅವರ ಬಾಗಿಲಿನ ದುಡ್ಡಿನಲ್ಲಿ ನನ್ನ ಕೋಣೆಯೇ ಎದ್ದು ನಿಲ್ಲುತ್ತಿತ್ತು.

ನೆಲದಡಿ
ಅಣು ಬಾಂಬಿನ ಧೂಳು ಬಿದ್ದರೆ ನಿಮ್ಮ ಸೋಲಾರ್ ಏನು ಮಾಡುತ್ತದೆ ತಾಯಿ? ಗಾಮಾ ಕಿರಣ ಅರ್ಧಕ್ಕೆ ಇಳಿಯಲು ಸುಮಾರು 6 ಸೆಂಟಿಮೀಟರ್ ಕಾಂಕ್ರೀಟ್ ಬೇಕು, ಮಣ್ಣಾದರೆ 9. ಅಂದರೆ 90 ಸೆಂಟಿಮೀಟರ್ ಗಟ್ಟಿ ಮಣ್ಣು ಅದನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ನನ್ನ 60 ಸೆಂಟಿಮೀಟರ್ ಮಣ್ಣು, 20 ಸೆಂಟಿಮೀಟರ್ ಕಾಂಕ್ರೀಟ್ ಸೇರಿದರೆ ಅಷ್ಟೇ ಆಗುತ್ತದೆ. ನಿಮ್ಮ ಮೇಲಿನ ಕೋಣೆಯಲ್ಲಿ ಏನಿದೆ?

ಮೇಲ್ಮಹಡಿ
ಅದೇ ಲೆಕ್ಕವನ್ನು ಪೂರ್ತಿ ಹೇಳಿ. ಸ್ಫೋಟವಾದ ಮೇಲಿನ ಸಮಯ 7 ಪಟ್ಟು ಆದಾಗ ವಿಕಿರಣ 10ರಲ್ಲಿ ಒಂದು ಪಾಲಾಗುತ್ತದೆ. 7 ಗಂಟೆಗೆ ಹತ್ತರಲ್ಲಿ ಒಂದು, 49 ಗಂಟೆಗೆ ನೂರರಲ್ಲಿ ಒಂದು, 2 ವಾರಕ್ಕೆ ಸಾವಿರದಲ್ಲಿ ಒಂದು. ಮುಖ್ಯವಾದದ್ದು ಮೊದಲ ಎರಡು ದಿನ. ಅದಕ್ಕೆ ದೊಡ್ಡ ಕಟ್ಟಡದ ನಡುಭಾಗ, ಕಿಟಕಿ ಇಲ್ಲದ ಜಾಗ ಎಷ್ಟೋ ಜನಕ್ಕೆ ಸಾಕಾಗುತ್ತದೆ. ಉಳಿದ ವರ್ಷಗಳಲ್ಲಿ ಆ ಗುಂಡಿಯನ್ನು ಸಾಕುವವರು ಯಾರು? ಒಳಗಿನ ತೇವ ತೆಗೆಯುವ ಯಂತ್ರ ನಿಮ್ಮಲ್ಲಿ ಹಗಲು ರಾತ್ರಿ ಓಡುತ್ತದೋ ಇಲ್ಲವೋ, ಅದನ್ನು ಹೇಳಿ.

ನೆಲದಡಿ
ಓಡುತ್ತದೆ. ಹಾಗಂತ ಬೆಂಕಿ ಬಿದ್ದಾಗ ಬಾವಿ ತೋಡಲು ನಾನು ತಯಾರಿಲ್ಲ.

ಗಾಳಿ ಲೆಕ್ಕ
ಎಲ್ಲರೂ ಗೋಡೆ ಗೋಡೆ ಅಂತಿದ್ದೀರಿ. ಗಾಳಿ? 30 ಘನ ಮೀಟರ್ ಮುಚ್ಚಿದ ಕೋಣೆಯಲ್ಲಿ 4 ಜನ ಸುಮ್ಮನೆ ಕೂತರೂ ತಲೆಗೆ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. 4 ಗಂಟೆ ತುಂಬುವುದರೊಳಗೆ ಅದು ಶೇ 1 ದಾಟುತ್ತದೆ, 11 ಗಂಟೆಗೆ ಶೇ 3ರ ಹತ್ತಿರ. ತಲೆನೋವು, ಏದುಸಿರು. ಆಮ್ಲಜನಕ ಮುಗಿಯುವುದಕ್ಕಿಂತ ಮೊದಲು ಇದೇ ಕೊಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಆಶ್ರಯಗಳಲ್ಲಿ ಫಿಲ್ಟರ್ ಹಾಕಿದಾಗಲೂ ಒಬ್ಬರಿಗೆ ಗಂಟೆಗೆ 3 ಘನ ಮೀಟರ್ ಗಾಳಿ ಕೊಡುವ ಲೆಕ್ಕ ಇದೆ, ಕರೆಂಟ್ ಹೋದರೆ ಕೈಯಲ್ಲೇ ತಿರುಗಿಸುವ ಹಿಡಿ ಇದೆ.

ನನ್ನ ಬಂಕರಿನಲ್ಲಿ ನಾನು ಕಾಸು ಬಿಗಿ ಹಿಡಿಯದ ಒಂದೇ ವಸ್ತು ಈ ಗಾಳಿ ಪಂಪು. ಕುಟುಂಬವನ್ನೆಲ್ಲ ಕೂರಿಸಿ, ಬಾಗಿಲು ಹಾಕಿ, ಗಾಳಿ ಅಳೆಯುವ ಮೀಟರ್ ಇಟ್ಟು ಒಂದು ರಾತ್ರಿ ಕಳೆದು ನೋಡಿದೆ. ಗಾಳಿ ಸರಿ ಇತ್ತು. ಸೆಕೆ ತಡೆಯಲು ಆಗಲಿಲ್ಲ. ಒಬ್ಬ ಮನುಷ್ಯ ಅಂದರೆ 100 ವಾಟ್ ಶಾಖ, ಜೊತೆಗೆ ದಿನಕ್ಕೆ ಸುಮಾರು 1 ಲೀಟರ್ ನೀರಾವಿ. ಬೆಳಿಗ್ಗೆ ತಾರಸಿಯಿಂದ ನಮ್ಮದೇ ಬೆವರು ನಮ್ಮ ಮೇಲೆ ಹನಿಯುತ್ತಿತ್ತು. ಆಮೇಲೆ ಕೊಳವೆಯ ಅಗಲ ಹೆಚ್ಚಿಸಿ ಮತ್ತೆ ಹಾಕಿಸಿದೆ. ಬಂಕರ್ ಇರುವ ಎಷ್ಟು ಜನ ಒಳಗೆ ಒಂದು ರಾತ್ರಿ ಮಲಗಿದ್ದೀರಿ? ಕೈ ಎತ್ತಿ.

ಉಕ್ಕಿನ ಕೋಣೆ
ನನ್ನ ಮಾರಾಟಗಾರ ಒಳಗೇ ಜನರೇಟರ್ ಇಡಬಹುದು ಅಂದಿದ್ದ.

ಗಾಳಿ ಲೆಕ್ಕ
ಅಯ್ಯೋ, ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ! ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಹೊರಗೆ ಇಡಿ, ಅದೂ ಗಾಳಿ ಒಳಗೆ ಬರುವ ಕೊಳವೆಯಿಂದ ದೂರ.

ಮಾತ್ರೆ ಡಬ್ಬಿ
ಇಷ್ಟೆಲ್ಲ ಯಾಕೆ? ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಇಟ್ಟುಕೊಂಡರೆ ವಿಕಿರಣ ತಾಗುವುದಿಲ್ಲ. ನಾನು ಮನೆಮಂದಿಗೆಲ್ಲ ತಂದಿಟ್ಟಿದ್ದೇನೆ.

ಗಾಳಿ ಲೆಕ್ಕ
ತಲೆಬುಡ ಗೊತ್ತಿಲ್ಲದೆ ಬರೆದು ಯಾರ ಜೀವವನ್ನೂ ತೆಗೆಯಬೇಡಿ. ಆ ಮಾತ್ರೆ ಕಾಯುವುದು ಥೈರಾಯ್ಡ್ ಗ್ರಂಥಿಯೊಂದನ್ನೇ, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ. ಸೀಸಿಯಂನಂಥ ಬೇರೆ ವಿಕಿರಣಶೀಲ ವಸ್ತುವಿಗೆ ಇಲ್ಲ, ಹೊರಗಿನಿಂದ ಬರುವ ಗಾಮಾ ಕಿರಣಕ್ಕೆ ಇಲ್ಲವೇ ಇಲ್ಲ.

ಮಾತ್ರೆ ಡಬ್ಬಿ
ವೈದ್ಯರೇ ಬರೆದುಕೊಟ್ಟಿದ್ದು. ನೀವು ವೈದ್ಯರಾ?

ಗಾಳಿ ಲೆಕ್ಕ
ಬರೆದುಕೊಟ್ಟವರನ್ನೇ ಮತ್ತೆ ಕೇಳಿ, ನಾನು ಹೇಳಿದ್ದನ್ನೇ ಹೇಳುತ್ತಾರೆ.

ಕೇಳುತ್ತಿರುವವನು
ಎಲ್ಲರಿಗೂ ಧನ್ಯವಾದ. ಅಮ್ಮನ ಮೆಟ್ಟಿಲಿನ ವಿಷಯ ಯಾರಾದರೂ ಹೇಳಿದರೆ ಉಪಕಾರ.

ನೆಲದಡಿ
ಮೊದಲು ಒಂದು ಮಾತು. ಬಂಕರ್ ಹುಚ್ಚಾಟ ಅನ್ನುವವರಿಗೆ ಕೇಳುತ್ತೇನೆ, ಸ್ವಿಸ್ ಜನ ದಡ್ಡರಾ? 1963ರಲ್ಲೇ ಕಾನೂನು ಮಾಡಿ, ಇವತ್ತು ಇಡೀ ಜನಸಂಖ್ಯೆಗೆ ಸಾಕಾಗುವಷ್ಟು, ಹತ್ತಿರ ಹತ್ತಿರ 90 ಲಕ್ಷ ಜನಕ್ಕೆ ಜಾಗ ಮಾಡಿಟ್ಟಿದ್ದಾರೆ. ಫಿನ್ಲೆಂಡಿನಲ್ಲಿ 50,000ಕ್ಕೂ ಹೆಚ್ಚು ಆಶ್ರಯಗಳಿವೆ.

ಮೇಲ್ಮಹಡಿ
ದಡ್ಡರಲ್ಲ, ಅದಕ್ಕೇ ಒಬ್ಬೊಬ್ಬರೇ ಹಿತ್ತಲಲ್ಲಿ ಗುಂಡಿ ತೋಡುತ್ತಾ ಕೂರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ತನ್ನ ಕಟ್ಟಡದಲ್ಲಿ ಆಶ್ರಯ ಕಟ್ಟದವನು ಪಾಲಿನ ಹಣ ಕಟ್ಟುತ್ತಾನೆ, ಅದರಿಂದ ಎಲ್ಲರಿಗೂ ಆಗುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಬಂಡೆ ಕೊರೆದ ಆಶ್ರಯಗಳಲ್ಲಿ ಈಜುಕೊಳ ಇದೆ, ಆಟದ ಅಂಗಳ ಇದೆ, ವಾಹನ ನಿಲುಗಡೆ ಇದೆ. ಬೇಕಾದರೆ 72 ಗಂಟೆಯೊಳಗೆ ಆಶ್ರಯಕ್ಕೆ ಸಜ್ಜು ಮಾಡಬೇಕು ಅನ್ನುವುದು ಅಲ್ಲಿನ ನಿಯಮ. ದಿನಾ ಜನ ಓಡಾಡುವ ಜಾಗದಲ್ಲಿ ಪಂಪು ಕೆಟ್ಟರೆ ಅವತ್ತೇ ಗೊತ್ತಾಗುತ್ತದೆ. ನಿಮ್ಮ ಗುಂಡಿಯಲ್ಲಿ ಗೊತ್ತಾಗುವುದು ಯಾವಾಗ?

ನೆಲದಡಿ
ಪ್ರತಿ ವಾರ ಇಳಿದು ನೋಡುತ್ತೇನೆ. ನೀವು ನನ್ನ ಮನೆಗೆ ಬಂದು ನೋಡಿಲ್ಲ, ಸುಮ್ನೆ ಮಾತಾಡಬೇಡಿ.

ಮೇಲ್ಮಹಡಿ
ಜನರೇಟರಿನ ಡೀಸೆಲ್ ಬದಲಿಸಿದ್ದು ಯಾವಾಗ? ಕೆಡದಂತೆ ತಡೆಯುವ ರಾಸಾಯನಿಕ ಕಲಸದೆ ಇಟ್ಟರೆ 6ರಿಂದ 12 ತಿಂಗಳಲ್ಲಿ ಕೆಡುತ್ತದೆ.

ನೆಲದಡಿ
ನನ್ನ ಡೀಸೆಲ್ ನನ್ನ ಚಿಂತೆ.

ಕಾಡಂಚಿನವನು
ನೀವಿಬ್ಬರೂ ಕಾಳ್ಗಿಚ್ಚನ್ನು ಮರೆತೇಬಿಟ್ಟಿರಿ. ನಾವಿರುವುದು ಕಾಡಿನ ಪಕ್ಕ. 2009ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಬೆಂಕಿಗೆ 173 ಜನ ಸತ್ತರು. ಅದಾದ ಮೇಲೆ ಅಲ್ಲಿ ಖಾಸಗಿ ಬೆಂಕಿ ಆಶ್ರಯಕ್ಕೆ ಅಂತಲೇ ನಿಯಮ ಮಾಡಿದರು. ಬೆಂಕಿಯ ಮುಂಗಡೆ ದಾಟುವ ಸ್ವಲ್ಪ ಹೊತ್ತು ಜೀವ ಹಿಡಿದಿಡುವ ಜಾಗ ಅದು. ಅಣುಯುದ್ಧಕ್ಕೆ ಕಟ್ಟಿದ್ದು ಇದಕ್ಕೆ ಆಗದು. ಗಾಳಿ ಕೊಳವೆಯಿಂದ ಹೊಗೆಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ನನ್ನ ಕೊಳವೆಯನ್ನು ಬೇಕಾದಾಗ ಮುಚ್ಚುವಂತೆ ಮಾಡಿಸಿದ್ದೇನೆ, ಬಾಗಿಲಿನ ರಬ್ಬರ್ ಸೀಲನ್ನು ಬಿಸಿ ತಡೆಯುವಂಥದಕ್ಕೆ ಬದಲಿಸಿದ್ದೇನೆ. ಹಾಗಿದ್ದರೂ ಎಚ್ಚರಿಕೆ ಬಂದ ತಕ್ಷಣ ಊರು ಬಿಡುವುದೇ ನನ್ನ ಮೊದಲ ಯೋಜನೆ.

ಹಳೇ ಸೈಟ್ ಇಂಜಿನಿಯರ್
ಕೇಳಿದವರ ಪ್ರಶ್ನೆಗೆ ಬರೋಣ. ನೆಲದಡಿ ಅವರದೇ ಅಳತೆ ತೆಗೆದುಕೊಂಡರೆ ಒಳಗಿನ ನೆಲ ಇರುವುದು 3.4 ಮೀಟರ್ ಆಳದಲ್ಲಿ. ಗಾಲಿಕುರ್ಚಿ ಇಳಿಯಬೇಕು ಅಂದರೆ 1 ಮೀಟರ್ ಆಳಕ್ಕೆ 12 ಮೀಟರ್ ಉದ್ದದ ಇಳಿಜಾರು ಬೇಕು. ಅಂದರೆ 40 ಮೀಟರಿಗೂ ಉದ್ದದ ದಾರಿ. ನಿಮ್ಮ "ಸ್ವಲ್ಪ ಖಾಲಿ ಜಾಗ"ದಲ್ಲಿ ಅದು ಹಿಡಿಯುವುದಿಲ್ಲ. ನೆಲದ ಮಟ್ಟದಲ್ಲೇ ಕಟ್ಟಿ, ಸುತ್ತ ಮತ್ತು ಮೇಲೆ ಮಣ್ಣು ಪೇರಿಸಿ. ಮಣ್ಣಿನ ಭಾರಕ್ಕೆ ತಕ್ಕ ಗೋಡೆ ಬೇಕೇ ಬೇಕು, ಆದರೆ ಮೆಟ್ಟಿಲೂ ಬೇಡ, ತೇಲುವ ಭಯವೂ ಇಲ್ಲ. ಎರಡನೇ ಬಾಗಿಲು ಮರೆಯಬೇಡಿ, ಒಂದಕ್ಕೆ ಅವಶೇಷ ಅಡ್ಡ ಬಿದ್ದರೆ ಹೊರಬರಲು ಇನ್ನೊಂದು ಬೇಕು. ಅದಕ್ಕೂ ಮೊದಲು ಮಳೆಗಾಲದ ಕೊನೆಯಲ್ಲಿ ಒಂದು ಪರೀಕ್ಷಾ ಗುಂಡಿ ತೋಡಿಸಿ, ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ.

ನೆಲದಡಿ
ಮಣ್ಣಿನ ದಿಬ್ಬ ಮಾಡಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಕಷ್ಟ ಬಂದಾಗ ಎಲ್ಲರೂ ನಿಮ್ಮ ಬಾಗಿಲಿಗೇ ಬರುತ್ತಾರೆ. ನಮ್ಮಲ್ಲಿ ಈಜುಕೊಳ ಅಂತ ಹೇಳಿ ತೋಡಿಸಿದ್ದು.

ಗಾಳಿ ಲೆಕ್ಕ
ನನ್ನದು ಅಕ್ಕಪಕ್ಕದವರಿಗೆಲ್ಲ ಗೊತ್ತು. ಕಾಂಕ್ರೀಟ್ ಹಾಕುವ ದಿನ ಅವರೇ ಬಂದು ಕೈ ಜೋಡಿಸಿದರು. ಪಂಪ್ ತಿರುಗಿಸಲು ಪಾಳಿ ಬೇಕು, ಗಾಯಕ್ಕೆ ಹೊಲಿಗೆ ಹಾಕುವವರು ಬೇಕು. ನಾಲ್ಕೇ ಜನ ಎಷ್ಟು ಹೊತ್ತು ತಿರುಗಿಸುತ್ತೀರಿ?

ನೆಲದಡಿ
20 ಜನ ಬಂದು ನಿಂತರೆ ಯಾರನ್ನು ಹೊರಗೆ ನಿಲ್ಲಿಸುತ್ತೀರಿ, ಅದನ್ನು ಹೇಳಿ. 30 ಘನ ಮೀಟರಿನಲ್ಲಿ 4 ಜನಕ್ಕೇ ಗಾಳಿ ಎಷ್ಟು ಬೇಗ ಕೆಡುತ್ತದೆ ಅಂತ ನೀವೇ ಲೆಕ್ಕ ಕೊಟ್ಟಿದ್ದೀರಲ್ಲ.

ಗಾಳಿ ಲೆಕ್ಕ
7 ಜನ ಅಂತ ಈಗಲೇ ಮಾತಾಗಿದೆ. ಹೆಸರು ಸಮೇತ. ಉಳಿದವರು ಪಕ್ಕದವರ ನೆಲಮಾಳಿಗೆಗೆ, ಅದನ್ನೂ ನಾವೇ ಸೇರಿ ಗಟ್ಟಿ ಮಾಡಿದ್ದೇವೆ.

ಉಕ್ಕಿನ ಕೋಣೆ
ನಾನು ಬರುವ ಬೇಸಿಗೆಯಲ್ಲಿ ಪೆಟ್ಟಿಗೆ ಮೇಲೆತ್ತಿಸುತ್ತಿದ್ದೇನೆ. ಎತ್ತುವ ಕ್ರೇನಿಗೆ ಹೂತಿದ್ದಕ್ಕಿಂತ ಜಾಸ್ತಿ ಕೇಳುತ್ತಿದ್ದಾರೆ. ಕೈಯಿಂದ ತಿರುಗಿಸುವ ಗಾಳಿ ಪಂಪ್ ಮಾತ್ರ ಚೆನ್ನಾಗಿದೆ. ಫಿಲ್ಟರ್ ಸೀಲ್ ಒಡೆದಿಲ್ಲ. ಕೇಳಿದವರು ದಿಬ್ಬದ ಕೋಣೆ ಕಟ್ಟಿಸುವುದಾದರೆ ತೆಗೆದುಕೊಂಡು ಹೋಗಲಿ, ಸಾಗಿಸುವ ಖರ್ಚು ಅವರದು.